ಹೊತ್ತು ಮುಳುಗುವ ಮುಂಚಿನ ಹಾವಿನ ಆಟ

ನನ್ನ ಮೊಮ್ಮಗಳು ಇವತ್ತು ನಮ್ಮಣ್ಣನ ಹಳೆಯ ಡಾಸ್ ಕಂಪ್ಯೂಟರಿನಲ್ಲಿ ಹಾವಿನ ಆಟ ಚಾಲೂ ಮಾಡಿದಳು, ಆ ಕಾದ ಧೂಳಿನ ವಾಸನೆಗೆ ನನ್ನ ಎದೆ ತುಂಬಿ ಬಂತು!

ನನ್ನನ್ನು ಏಳನೆಯ ಇಯತ್ತೆಗೇ ಶಾಲೆ ಬಿಡಿಸಿದ ವರ್ಷ ಅಪ್ಪ ಗೋಕಾಕದಿಂದ ಅಣ್ಣನಿಗೆ ಆ ಕಂಪ್ಯೂಟರ್ ತಂದಿದ್ದರು. ಅಣ್ಣ ಫ್ಲಾಪಿ ತುರುಕಿ ಏನೋ ಒತ್ತಿದರೆ ಕರಿ ಪರದೆಯ ಮೇಲೆ ಹಸಿರು ಹಾವು ಹರಿದಾಡುತ್ತಿತ್ತು. ನಾನು ಹೊಸ್ತಿಲಲ್ಲಿ ನಿಂತು ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

"ಅಣ್ಣಾ, ಒಂದ್ ಪಾಳಿ ನನಗ ಕೊಡೋ."

"ನಿನಗ ಎ ಬಿ ಸಿ ಡಿ ಸೈತ ಪೂರಾ ಬರಂಗಿಲ್ಲ. ಹೋಗು, ರೊಟ್ಟಿ ಬಡಿ!"

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಒಬ್ಬರು ಬರದಿದ್ದರೂ ಅಜ್ಜ ತುತ್ತು ಎತ್ತುತ್ತಿರಲಿಲ್ಲ. ಅವತ್ತು ಅಜ್ಜಿ ಊಟಕ್ಕೆ ಕರೆದಾಗ ನಾನು ಅಲ್ಲೇ ಕುಕ್ಕರಿಸಿದೆ.

"ಆಡಾಕ ಕೊಡೂತನಕ ನಾ ಉಣ್ಣಾಕ ಬರಂಗಿಲ್ಲ."

ಅಜ್ಜ ಕಿಟಕಿಯಲ್ಲಿ ಇಳಿಬಿಸಿಲು ನೋಡಿದರು. "ಏಳೋ ಮಗನ, ಆಕಿನ್ನ ಕೂಡಸು. ಮನಿಮಂದಿಗೆಲ್ಲಾ ಉಪಾಸ ಕೆಡವತಿಯೇನು?"

ಅಣ್ಣ ಎದ್ದ. ನನ್ನ ಹಾವು ಎರಡು ಹಣ್ಣು ತಿಂದು ಗೋಡೆಗೆ ಬಡಿದು ಸತ್ತಿತು.

"ಮುಗೀತಲ್ಲ ನಿನ್ನ ಪಾಳಿ?" ಎಂದು ಅಣ್ಣ ನಕ್ಕ.

"ನಾಳೆನೂ ಉಣ್ಣೂ ಹೊತ್ತಿಗೇ ಬಂದು ಕುಂಡರತೇನಿ!"

ಅಜ್ಜ ಜೋರಾಗಿ ನಕ್ಕರು. ಉಳಿದಿದ್ದ ಬೆಳಕಿನಲ್ಲಿ ಮನೆಮಂದಿಯೆಲ್ಲ ಸಾಲಾಗಿ ಕುಳಿತು ಗಡಬಡಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡೆವು. ಅಣ್ಣ ಮಾತ್ರ ನನ್ನ ಕಡೆ ನೋಡದೆ ರೊಟ್ಟಿ ಮುರಿಯುತ್ತಿದ್ದ.