ಏಳನೆಯ ಕಂಪ್ಯೂಟರ್

ಯಲ್ಲಕ್ಕ ಸಹಿ ಹಾಕಲಿಲ್ಲ. ಕುರ್ಚಿ ಬಿಟ್ಟು ಏಳಲೂ ಇಲ್ಲ.

“ಪರೀಕ್ಷೆ ನಡೆಯೋವಾಗ ಒಂದ್ಸಲಾನೂ ಎದ್ದಿಲ್ಲ ಸರ. ಈಗ್ಲೂ ಏಳಂಗಿಲ್ಲ. ಕಳ್ಳಿ ಅಂತ ನೀವು ಬರ್ಕಂಡು, ಅದರ ಕೆಳಗೆ ನನ್ನ ಹೆಸರು ಹಾಕು ಅಂದ್ರೆ ಹೆಂಗೆ?”

ಹರಿಹರದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಈಗ ಉಳಿದವರು ಮೂವರೇ. ಏಳನೆಯ ಕಂಪ್ಯೂಟರ್ ಮುಂದೆ ಯಲ್ಲಕ್ಕ. ಎದುರಿಗೆ ತಪ್ಪೊಪ್ಪಿಗೆ ಪತ್ರ ಹಿಡಿದ ಮೇಲ್ವಿಚಾರಕ ಬಕ್ಕೇಶಪ್ಪ, ಹಣೆ ತುಂಬ ವಿಭೂತಿ. ಪಕ್ಕದಲ್ಲಿ ಕೊಟ್ಟೂರೇಶ್. ಪರೀಕ್ಷೆಯ ಸಾಫ್ಟ್‌ವೇರ್ ಬರೆದು ದಾವಣಗೆರೆಯಿಂದ ತಂದವನು ಅವನು. ಆ ಸಾಫ್ಟ್‌ವೇರ್‌ಗೆ ಇದೇ ಮೊದಲ ಪರೀಕ್ಷೆ. ಏಳನೆಯದರಲ್ಲೇ ಕೂತು ಕೊನೆಯ ಸಲ ಎಲ್ಲ ನೋಡಿಕೊಂಡು, ಸರಿಯಾಗಿ ಮೂರಕ್ಕೆ ‘ಆರಂಭ’ ಒತ್ತಿ, ಕುರ್ಚಿಯನ್ನು ಯಲ್ಲಕ್ಕನಿಗೆ ಬಿಟ್ಟುಕೊಟ್ಟಿದ್ದ.

ಯಲ್ಲಕ್ಕನಿಗೆ ನಲವತ್ತೆರಡು. ಅವಳ ಊರು ಕಡರನಾಯಕನಹಳ್ಳಿಯ ಸೇವಾ ಕೇಂದ್ರಕ್ಕೆ ಆಪರೇಟರ್ ಬೇಕಾಗಿದ್ದರು. ಅದಕ್ಕಾಗಿ ಒಂದು ವರ್ಷ, ಬೆಳಗ್ಗೆ ನಾಟಿ ಕೆಲಸ ಮುಗಿಸಿ, ಕೈಯ ಕೆಸರು ಪೂರ್ತಿ ಹೋಗುವ ಮೊದಲೇ ಬಸ್ಸು ಹತ್ತಿ ಬಂದು ಕಲಿತಿದ್ದಳು. ಈ ಪತ್ರಕ್ಕೆ ಸಹಿ ಬಿದ್ದರೆ ಮೂರು ವರ್ಷ ಪರೀಕ್ಷೆ ಬರೆಯುವಂತಿಲ್ಲ. ಅಷ್ಟರಲ್ಲಿ ವಯಸ್ಸು ಮೀರುತ್ತದೆ. ಊರಲ್ಲಿ ಅವಳ ಹೆಸರಿನ ಹಿಂದೆ ಕಳ್ಳತನ ಅಂಟಿಕೊಳ್ಳುತ್ತದೆ.

ಆರೋಪ ಸರಳವಾಗಿತ್ತು. ಪ್ರತಿ ಲಾಗಿನ್‌ಗೂ ಹೊಸ ಪ್ರಶ್ನೆಪತ್ರಿಕೆ ಬರುತ್ತದೆ. ಹತ್ತೊಂಬತ್ತು ಜನ ಒಂದೊಂದೇ ಸಲ ಒಳಹೋಗಿದ್ದರು. ಯಲ್ಲಕ್ಕ ಇಪ್ಪತ್ತು ನಿಮಿಷದಲ್ಲಿ ಹನ್ನೊಂದು ಸಲ. ಸುಲಭದ ಪತ್ರಿಕೆ ಸಿಗುವವರೆಗೆ ಹೊರಗೆ ಹೋಗಿ ಒಳಗೆ ಬಂದಿದ್ದಾಳೆ ಎಂಬುದು ಬಕ್ಕೇಶಪ್ಪನ ತೀರ್ಮಾನ.

“ಒಳಹೋದದ್ದೆಲ್ಲ ಲಾಗ್‌ನಾಗೆ ದಾಖಲಾಗೈತೆ. ಲಾಗ್ ಸುಳ್ಳು ಹೇಳಲ್ಲ,” ಅಂದ ಕೊಟ್ಟೂರೇಶ್.

“ನಾನೂ ಹೇಳಲ್ಲ. ಒಳಗೆ ಹೋಗ್ತೀನಿ, ಮುಂದಿನ ಪ್ರಶ್ನೆ ಅಂತ ಒತ್ತಿದ್ರೆ ಸಾಕು, ಮತ್ತೆ ಹೆಸರು ಕೇಳ್ತೈತೆ. ಕೈ ಎತ್ತಿ ಕರೆದೆ. ‘ಮತ್ತೆ ಲಾಗಿನ್ ಆಗವ್ವ’ ಅಂದೋರು ಈ ಬಕ್ಕೇಶಪ್ಪ ಸರೇ. ಬರ್ರಿ, ನೀವೇ ಒತ್ತಿ ನೋಡ್ರಿ.”

ಹೆತ್ತವರಿಗೆ ಹೆಗ್ಗಣ ಮುದ್ದು. ಕೊಟ್ಟೂರೇಶನಿಗೆ ಮೈಯೆಲ್ಲ ಉರಿಯಿತು. ಬಗ್ಗಿ ಲಾಗಿನ್ ಆದ. ಮೊದಲ ಪ್ರಶ್ನೆ ಬಂತು. ‘ಮುಂದೆ’ ಒತ್ತಿದ. ಪರದೆ ಮತ್ತೆ ಹೆಸರು ಕೇಳಿತು.

ಅವನ ಸರ್ವರ್ ಪ್ರತಿ ಅಭ್ಯರ್ಥಿಯ ಬ್ರೌಸರ್‌ಗೂ ಒಂದು ಕುಕಿ ಕೊಡುತ್ತಿತ್ತು. ಅದು ಗುರುತಿನ ಚೀಟಿ; ಇಷ್ಟು ಗಂಟೆಯವರೆಗೆ ಬಾಳುತ್ತದೆ ಎಂದು ಅದರ ಮೇಲೆ ಬರೆದಿರುತ್ತದೆ. ಪುಟ ಬದಲಾದಾಗಲೆಲ್ಲ ಬ್ರೌಸರ್ ಆ ಚೀಟಿ ತೋರಿಸಬೇಕು. ತೋರಿಸದಿದ್ದರೆ ನೀನು ಯಾರೋ ಏನೋ. ಏಳನೆಯದರಲ್ಲಿ ಕುಕಿಗಳ ಪಟ್ಟಿ ತೆರೆದು ನೋಡಿದ. ಖಾಲಿ. ಆರನೆಯದರಲ್ಲಿ ನೋಡಿದ. ಕುಕಿ ಅಲ್ಲೇ ಇತ್ತು.

“ನನ್ನ ಕೋಡ್ ಸರಿಯಾಗೇ ಐತೆ,” ಎಂದು ಗೆದ್ದವನಂತೆ ಹೇಳಿದ. ಆಮೇಲೆ ಅವನ ಕಣ್ಣು ಪರದೆಯ ಮೂಲೆಗೆ ಹೋಯಿತು. ಗೋಡೆ ಗಡಿಯಾರದಲ್ಲಿ ಐದೂ ಹತ್ತು. ಏಳನೆಯ ಕಂಪ್ಯೂಟರಿನಲ್ಲಿ ಆರೂ ನಲವತ್ತು.

ಸರ್ವರ್ ಕೊಟ್ಟಿದ್ದು ಒಂದು ಗಂಟೆ ಬಾಳುವ ಚೀಟಿ. ಈ ಕಂಪ್ಯೂಟರ್ ಮಾತ್ರ ಒಂದೂವರೆ ಗಂಟೆ ಮುಂದೆ ಬದುಕುತ್ತಿತ್ತು. ಅದರ ಹಳೇ ಬ್ರೌಸರ್‌ಗೆ ಬಂದ ಚೀಟಿಯೆಲ್ಲ ಅವಧಿ ಮುಗಿದದ್ದಾಗಿ ಕಂಡಿತ್ತು; ಬಂದ ಕೂಡಲೇ ಎಸೆದಿತ್ತು. ಹನ್ನೊಂದು ಸಲವೂ.

“ಒಳಗಿನ ಗಡಿಯಾರದ ಬ್ಯಾಟರಿ ಹೋಗೈತೆ ಬಿಡ್ರಿ,” ಅಂದ ಕೊಟ್ಟೂರೇಶ್, ಕುಕಿಯ ಕಥೆ ಇಬ್ಬರಿಗೂ ಬಿಡಿಸಿ ಹೇಳಿ. ದನಿ ಇಳಿದಿತ್ತು.

“ಬ್ಯಾಟರಿ ಹೋದ್ರೆ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಬೀಳ್ತೈತೆ ಅಂತ ಇಲ್ಲೇ ಕಲಿಸಿದ್ರು,” ಅಂದಳು ಯಲ್ಲಕ್ಕ. “ಇದು ಅಳೆದಿಟ್ಟಂಗೆ ಒಂದೂವರೆ ತಾಸು ಮುಂದೈತೆ. ಯಾರೋ ತಿರುಗ್ಸ್ಯಾರೆ.”

ಬಕ್ಕೇಶಪ್ಪನಿಗೆ ಅಷ್ಟೇ ಸಾಕಾಯಿತು. “ನೀನೇ ತಿರುಗ್ಸಿರ್ಬೇಕು! ಇನ್ನೊಂದು ಪತ್ರ ಬರೀಬೇಕು ಈಗ.”

ಯಲ್ಲಕ್ಕ ಮೌಸ್ ಹಿಡಿದು ಗಡಿಯಾರದ ಮೇಲೆ ಒತ್ತಿದಳು. ಬದಲಿಸಲು ಪಾಸ್‌ವರ್ಡ್ ಬೇಕು ಎಂದಿತು ಪರದೆ.

“ಹತ್ತು ಪತ್ರ ಬರೀರಿ. ಕಲಿಯೋಕೆ ಬಂದೋರಿಗೆ ಯಾರಾದ್ರೂ ಪಾಸ್‌ವರ್ಡ್ ಕೊಟ್ಟಿದ್ರೇನು?” ಅವಳು ತಲೆಯೆತ್ತಿ ಬಕ್ಕೇಶಪ್ಪನ ಹಣೆಯನ್ನೇ ನೋಡಿದಳು. “ಇವತ್ತು ಮಂಗಳವಾರ. ಮೂರರಿಂದ ನಾಲ್ಕೂವರೆ ರಾಹುಕಾಲ. ಒಂದೂವರೆ ತಾಸು ಮುಂದೆ ಹಾಕಿದ್ರೆ, ಮೂರಕ್ಕೆ ಆದ ಆರಂಭ ನಾಲ್ಕೂವರೆಗೆ ಬೀಳ್ತೈತೆ. ರಾಹುಕಾಲ ಕಳೀತು. ಇಂಥದ್ದು ಯಾರಿಗೆ ಬೇಕಾಗಿತ್ರಿ ಸರ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಬಕ್ಕೇಶಪ್ಪನ ಕೈ ವಿಭೂತಿಗೆ ಹೋಯಿತು.

“ರಾಹುಕಾಲ ಕಳೀಲಿ ಅಂತ ನಾ ಹೇಳಿದ್ದು ಖರೆ,” ಎಂದ. “ಇಪ್ಪತ್ತು ಜನರ ಮುಂದೆ ಈ ಕೊಟ್ಟೂರೇಶ್ ನಕ್ಕುಬಿಟ್ರು. ಸರ್ವರ್‌ಗೆ ರಾಹುನೂ ಇಲ್ಲ ಕೇತುನೂ ಇಲ್ಲ ಅಂದ್ರು. ಆಮ್ಯಾಲೆ ನಾ ಬಾಯಿ ಬಿಟ್ಟಿಲ್ಲ ತಾಯಿ. ನನಗೆ ಮೌಸ್ ಹಿಡಿಯಾಕೇ ನೆಟ್ಟಗೆ ಬರಂಗಿಲ್ಲ, ಗಡಿಯಾರ ಎಲ್ಲಿ ತಿರುಗಿಸ್ಲಿ?”

“ಹಂಗಾದ್ರೆ ಯಾರು? ಹೆಸರು ಹೊರಗೆ ಬರೋ ತನಕ ನಾ ಏಳಂಗಿಲ್ಲ. ಈ ಕೇಂದ್ರಕ್ಕೆ ಬೀಗ ಹಾಕಿದ್ರೂ ಒಳಗೇ ಕೂತಿರ್ತೀನಿ.”



“ಅವ್ರಿಗೆ ಬೈಬ್ಯಾಡ್ರಿ,” ಅಂದ ಕೊಟ್ಟೂರೇಶ್, ನೆಲ ನೋಡುತ್ತ. “ಎಲ್ಲಾರ ಮುಂದೆ ನಕ್ಕೆ, ಆಮ್ಯಾಲೆ ನನಗೇ ಭಯ ಆತು, ಮೊದಲ್ನೇ ಪರೀಕ್ಷೆ, ‘ಆರಂಭ’ ಒತ್ತೋ ಕಂಪ್ಯೂಟರ್‌ನಾಗಾದ್ರೂ ರಾಹುಕಾಲ ಕಳೆದಿರ್ಲಿ ಅಂತ ನಾನೇ ತಿರುಗಿಸಿ, ವಾಪಸ್ ಇಡೋದು ಮರೆತೆ.”