ಬೆಲ್ಟ್ ಸುಟ್ಟವರು

ಸುಟ್ಟ ಬೆಲ್ಟನ್ನು ಮೆಕ್ಯಾನಿಕ್ ಗುರುವಪ್ಪ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದ. ಇಂಜಿನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ, ಎರಡು ಬೆರಳು ಅಗಲದ ಆ ಕಪ್ಪು ರಬ್ಬರು ಒಂದೇ ಒಂದು ಕಡೆ ಸವೆದು, ಸೊಂಟದ ಹಾಗೆ ಒಳಕ್ಕೆ ಹೋಗಿತ್ತು.

"ಇದು ಸ್ಪೀಡಿಗೆ ಸುಟ್ಟದ್ದಲ್ಲ ಹಾರಿಸ್," ಎಂದ.

ಹಾರಿಸ್ ನಂಬಲಿಲ್ಲ. ಬಹರೈನಿನ ಸಖೀರ್ ಮರುಭೂಮಿಯಲ್ಲಿ ಅವನದು ಮರಳಲ್ಲಿ ಓಡಿಸುವ ಬಗ್ಗಿಗಳ ಬಾಡಿಗೆಯ ವ್ಯವಹಾರ. ಇದ್ದ ನಾಲ್ಕರಲ್ಲಿ ದೊಡ್ಡದು, ಇನ್ನೂರು ಹಾರ್ಸ್‌ಪವರಿನದು, ಈಗ ಟುಬ್ಲಿಯ ಈ ಗ್ಯಾರೇಜಿನಲ್ಲಿ ಪಕ್ಕದ ಮುಚ್ಚಳ ಬಿಚ್ಚಿಸಿಕೊಂಡು ನಿಂತಿತ್ತು. ಮರುದಿನ ಶುಕ್ರವಾರ, ಬೆಳಿಗ್ಗೆಯಿಂದಲೇ ಗಿರಾಕಿಗಳು. "ನಮ್ಮ ಡ್ರೈವರ್ ಸಂದೇಶನೇ ಒಪ್ಪಿಕೊಂಡಿದ್ದಾನೆ ಗುರುವಣ್ಣ. ಬೆಳಿಗ್ಗೆ ಯಾರೂ ಇಲ್ಲ ಅಂತ ಫುಲ್ ಬಿಟ್ನಂತೆ. ನೀವು ಹೊಸ ಬೆಲ್ಟ್ ಹಾಕಿ, ಸಾಕು."

"ಅದೇ, ಯಾವುದು ಹಾಕುವುದು?" ಗುರುವಪ್ಪ ಮೇಜಿನ ಮೇಲೆ ಎರಡು ಡಬ್ಬಿ ಇಟ್ಟ. ಒಂದರ ಮೇಲೆ ಹಿಮ ಚಿಮ್ಮಿಸುತ್ತಾ ಹಾರುವ ಗಾಡಿಯ ಚಿತ್ರ ಇತ್ತು.

"ಇದು ಸ್ನೋಮೊಬೈಲಿನದ್ದಲ್ವಾ?"

"ಕಂಪೆನಿ ಎರಡಕ್ಕೂ ಮಾಡ್ತದೆ, ಡಬ್ಬಿ ಒಂದೇ. ಒಳಗಿರುವುದು ನಿನ್ನ ಗಾಡಿಯ ನಂಬರಿನದ್ದೇ. ಹಿಮ ಆದ್ರೂ ಮರಳಾದ್ರೂ ಬೆಲ್ಟಿನ ಕಷ್ಟ ಒಂದೇ ಮಾರಾಯ. ನೋಡು, ಇದು ಗಟ್ಟಿ. ದಿಬ್ಬ ಹಾರಿಸುವವರಿಗೆ. ಆ ಇನ್ನೊಂದು ಮೆದು, ಹೊರಡುವಾಗ ಜಗ್ಗುವುದಿಲ್ಲ, ಹೊಸಬರಿಗೆ ಒಳ್ಳೆದು. ಓಡಿಸಿದ್ದು ಯಾರು ಅಂತ ಗೊತ್ತಾಗದೆ ಹಾಕಿದ್ರೆ ಇದೂ ಸುಡ್ತದೆ."

"ಹೇಳಿದೆನಲ್ಲಾ, ಸಂದೇಶ."

"ಫುಲ್ ಬಿಟ್ಟಿದ್ರೆ ಹಲ್ಲು ಕಿತ್ತು ನಾರು ನಾರಾಗ್ತಿತ್ತು. ಇಲ್ಲಿ ಚಕ್ರ ನಿಂತಲ್ಲೇ ನಿಂತಿದೆ, ಇಂಜಿನ್ ಮಾತ್ರ ಬೊಬ್ಬೆ ಹೊಡೆದಿದೆ. ಯಾರೋ ಬ್ರೇಕಿಗೂ ಆಕ್ಸಿಲರೇಟರಿಗೂ ಒಟ್ಟಿಗೆ ಕಾಲು ಕೊಟ್ಟಿದ್ದಾರೆ. ಹನ್ನೆರಡು ವರ್ಷ ಡ್ರೈವರ್ ಆಗಿದ್ದವ ಹಾಗೆ ಮಾಡ್ತಾನಾ?"

"ಹೇಗೆ ಸುಟ್ರೂ ಸುಟ್ಟದ್ದೇ. ನಾನು ಅವನಿಗೆ ಕೆಲಸ ಖಲಾಸ್ ಅಂದಾಯ್ತು. ಈ ತಿಂಗಳು ಮುಗಿಸಿ ಊರಿಗೆ ಹೋಗ್ಲಿ."

ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಾರಿಸನ ತಾಯಿ ರುಕಿಯಮ್ಮ ಹಾಲಿಲ್ಲದ ಸುಲೈಮಾನಿ ಚಾ ಕುಡಿಯುತ್ತಿದ್ದರು. ಇಲ್ಲಿಂದ ಮನಾಮಾದ ಹಳೆ ಪೇಟೆ, ಸೂಕ್‌ಗೆ ಹೋಗೋಣವೆಂದು ಮಗ ಜೊತೆಯಲ್ಲೇ ಕರೆತಂದಿದ್ದ. ಅವರ ಕೈಯ ಲೋಟ ಅಲ್ಲೇ ನಿಂತಿತು.

"ಯಾರು ಊರಿಗೆ ಹೋಗುವುದು?"

"ಸಂದೇಶ. ನಿಮಗೆ ಅದೆಲ್ಲ ಬೇಡ ಉಮ್ಮ."

"ಎಂತಕ್ಕೆ?"

"ಗಾಡಿ ಹಾಳು ಮಾಡಿದ್ದಕ್ಕೆ."

ರುಕಿಯಮ್ಮ ಲೋಟ ನೆಲಕ್ಕಿಟ್ಟು ಎದ್ದು ನಿಂತರು. "ಹಾಳು ಮಾಡಿದ್ದು ನಾನು ಮೋನೇ," ಎಂದು ಮಗನಿಗೆ ಹೇಳಿದರು.

ಗುರುವಪ್ಪ ಬೆಲ್ಟ್ ಕೆಳಗಿಟ್ಟ. ಹಾರಿಸ್ ತಾಯಿಯ ಮುಖ ನೋಡಿದ, ಆಮೇಲೆ ಅವರ ಮೊಣಕಾಲು ನೋಡಿದ.

"ಬೆಳಿಗ್ಗೆ ಸುಬಹಿ ನಮಾಜ್ ಆದ ಮೇಲೆ ಮರುಭೂಮಿಯ ನಿನ್ನ ಟೆಂಟಿನ ಹೊರಗೆ ಕೂತಿದ್ದೆ. ಅವ ಗಾಡಿ ಒರೆಸ್ತಾ ಇದ್ದ. ಒಮ್ಮೆ ಹತ್ತಿ ಕೂರ್ತೇನೆ ಅಂದೆ. ಕೂತ ಮೇಲೆ ಓಡಿಸಿ ನೋಡುವಾ ಅಂತ ಆಯ್ತು. ಒಳ್ಳೆ ಹೋಯ್ತು! ಮರಳ ಮೇಲೆ ಹಾಯುವ ಆ ಎಣ್ಣೆ ಪೈಪಿನವರೆಗೆ ಹೋಯ್ತು. ಅಲ್ಲಿ ಚಕ್ರ ಹೂತಿತು. ಹೆದರಿ ಎರಡೂ ಕಾಲು ಒತ್ತಿ ಹಿಡಿದೆ, ಹೊಗೆ ಬಂತು. ‘ಹಾರಿಸಣ್ಣನಿಗೆ ನಾನು ಹೇಳ್ತೇನೆ, ನೀವು ಸುಮ್ಮನಿರಿ’ ಅಂದ. ಇಂಥದ್ದು ಹೇಳ್ತಾನೆ ಅಂತ ನನಗೆ ಗೊತ್ತಾ?"

ತಾಯಿ ಬಹರೈನಿಗೆ ಬಂದು ಒಂದು ತಿಂಗಳಾಗಿತ್ತು. ಸೀಫ್‌ನ ಒಂದು ಮಾಲನ್ನೂ ಹಾರಿಸ್ ತೋರಿಸದೆ ಬಿಟ್ಟಿರಲಿಲ್ಲ. ಹೋದಲ್ಲೆಲ್ಲ ಅವರು ಕಾಲುನೋವೆಂದು ಬೆಂಚು ಹುಡುಕಿ ಕೂರುತ್ತಿದ್ದರು, ಏನು ತೋರಿಸಿದರೂ "ಚೆಂದ ಉಂಟು" ಅನ್ನುತ್ತಿದ್ದರು. ಅಷ್ಟೆತ್ತರದ ಬಗ್ಗಿಯನ್ನು ಅದೇ ಕಾಲಲ್ಲಿ ಹತ್ತಿದ್ದರು.

ಅವನು ಸಂದೇಶನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. "ಸುಳ್ಳು ಹೇಳಿದ್ದೆಂತಕ್ಕೆ ಮಾರಾಯ?"

"ಅಮ್ಮ ಹೇಳಿದ್ರಾ? ನೀವು ನನಗೆ ಬೈದು ಸುಮ್ಮನಾಗ್ತೀರಿ ಅಂದ್ಕೊಂಡೆ ಹಾರಿಸಣ್ಣ."

"ಊರಿಗೆ ಹೋಗು ಅಂದಾಗಲಾದ್ರೂ ಬಾಯಿ ಬಿಡ್ಬಹುದಿತ್ತಲ್ಲಾ?"

"ಆಗ ಹೇಳಿದ್ರೆ ಅವರನ್ನು ಹಿಡಿದು ಕೊಟ್ಟ ಹಾಗಾಗ್ತಿತ್ತು. ಪೈಪಿನವರೆಗೆ ಇಡೀ ನಗ್ತಾ ಇದ್ರು. ನೀವು ಕೇಳ್ಬೇಕಿತ್ತು."

ತಾಯಿ ನಕ್ಕದ್ದನ್ನು ಈ ಒಂದು ತಿಂಗಳಲ್ಲಿ ಹಾರಿಸ್ ಕೇಳಿರಲಿಲ್ಲ. "ನೀನು ಎಲ್ಲಿಗೂ ಹೋಗುವುದು ಬೇಡ. ನನ್ನದು ತಪ್ಪಾಯ್ತು," ಎಂದ. "ಸಂಜೆ ಮೀನು ತರ್ತೇನೆ. ಒಟ್ಟಿಗೆ ಊಟ ಮಾಡುವಾ."

ಫೋನ್ ಇಟ್ಟು, ಯಾರ ಮುಖವನ್ನೂ ನೋಡದೆ, ಮೆದು ಬೆಲ್ಟಿನ ಡಬ್ಬಿಯನ್ನು ಎತ್ತಿ ಗುರುವಪ್ಪನ ಕೈಗೆ ಕೊಟ್ಟ. ಗುರುವಪ್ಪ ಸ್ಪ್ಯಾನರ್ ಎತ್ತಿಕೊಂಡ.

ರುಕಿಯಮ್ಮ ಬಗ್ಗಿಯ ಹತ್ತಿರ ಹೋಗಿ, ಗೇರಿನ ಕೋಲಿನ ಮೇಲೆ ಕೈಯಿಟ್ಟರು.

"ಗುರುವಪ್ಪಣ್ಣ, ಇದರಲ್ಲಿ ಹಿಂದಕ್ಕೆ ಬರುವುದು ಹೇಗೆ? ಮುಂದೆ ಹೋಗುವ ಖುಷಿಯಲ್ಲಿ ಅದನ್ನು ಕೇಳ್ಲಿಕ್ಕೇ ಮರೆತುಹೋಯ್ತು."