ನಲೆಲಿಯ ತಾಯಿ

ತೊಟ್ಟಿಲು ಬೆಚ್ಚಗಿತ್ತು. ಒಳಗೆ ಏನೂ ಇರಲಿಲ್ಲ.

ಕೆನೂವೆ ಥಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡಳು. ಇಷ್ಟು ಬೆಳಿಗ್ಗೆ ಪ್ರಯೋಗಾಲಯಕ್ಕೆ ಯಾರೂ ಬರುವುದಿಲ್ಲ. ಎದುರಿನ ಬೆಟ್ಟಗಳ ಮೇಲೆ ಹಿಮ ಬಿದ್ದಿತ್ತು. ಕಿಟಕಿಯ ಬಳಿ ಅವಳ ಅಧ್ಯಾಪಕಿ ಹೊರಗೆ ನೋಡುತ್ತ ನಿಂತಿದ್ದಳು. ಬೆನ್ನ ಮೇಲೆ, ಕಂಬಳಿಯೊಳಗೆ, ಒಂದು ಪುಟ್ಟ ಗಂಟು. ಅದನ್ನು ಮೆಲ್ಲಗೆ ತೂಗುತ್ತಿದ್ದಳು.

"ಇನ್ನೂ ಚಳೀನಾ, ನಲೆಲಿ?"

ಗಂಟಿನಲ್ಲಿದ್ದದ್ದು ನೀರಿನ ಚೀಲವೆಂದು ಕೆನೂವೆಗೆ ಗೊತ್ತಿತ್ತು. ದಿನ ತುಂಬದೆ ಹುಟ್ಟಿದ ಕೂಸಿನಷ್ಟು ತೂಕ ಬರುವಂತೆ ಅದನ್ನು ಹೊಲಿದವಳು ಅವಳೇ. 

"ಅಮ್ಮಾ."

ಮಾ-ನಲೆಲಿ ಬೆಚ್ಚಿ ತಿರುಗಿದಳು. "ಏನೇ ಹುಡುಗಿ, ಬೆಕ್ಕಿನ ಹಾಗೆ ಬರ್ತೀಯ! ಬೆನ್ನ ಮೇಲಿದ್ರೆ ಎಷ್ಟು ಬಿಸಿ ಆರುತ್ತೆ ಅಂತ ನೋಡ್ತಿದ್ದೆ."

"ಹೆಸರು ಹಿಡಿದು ಕರೀತಿದ್ರಿ."

ಮಾ-ನಲೆಲಿ, ಎಂದರೆ ನಲೆಲಿಯ ತಾಯಿ. ಕಾಲೇಜಿಗೆ ಸೇರಿದಂದಿನಿಂದ ಕೆನೂವೆ ಹಾಗೆಯೇ ಕರೆಯುತ್ತಿದ್ದಳು; ನಲೆಲಿ ಎಲ್ಲಿದ್ದಾಳೆಂದು ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳಿದಳು.

"ಹೇಗಿದ್ಲು, ಅಮ್ಮಾ?"

"ಮುಖ ನೋಡ್ಲಿಲ್ಲ ನಾನು."

ಕೆನೂವೆ ಕಣ್ಣು ತುಂಬಿಕೊಂಡು ಹೊರಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಮಾ-ನಲೆಲಿ ಕೂಸು ಕಳೆದುಕೊಂಡ ಸುದ್ದಿ ಕಚೇರಿಯನ್ನೆಲ್ಲ ಸುತ್ತಿ ಕುಲಪತಿ ಲೆಬೆನ್ಯಾ ಅವರ ಕಿವಿಗೂ ಬಿತ್ತು.

"ನನಗ್ಯಾಕೆ ಹೇಳ್ಲಿಲ್ಲ, ತಾಯೀ?" ಅವರು ಎದ್ದು ನಿಂತೇ ಮಾತಾಡಿದರು. "ಶುಕ್ರವಾರ ಆರೋಗ್ಯ ಮಂತ್ರಿ ತೊಟ್ಟಿಲು ನೋಡೋಕೆ ಬರ್ತಿದಾರೆ. ಇನ್ಯಾರೋ ಆಗ್ಲೇ ಕೂಸುಗಳನ್ನ ಬೆಚ್ಚಗಿಡೋ ಹೊರದೇಶದ ಯಂತ್ರ ತೋರಿಸಿ ಹೋಗಿದಾರಂತೆ. ಹೊಳೆಯುತ್ತೆ, ದೀಪ ಹತ್ತುತ್ತೆ. ನಮ್ಮ ಹತ್ರ ಏನಿದೆ? ಮೇಣ, ಆಡಿನ ತುಪ್ಪಟ."

"ಆ ಯಂತ್ರ ಕರೆಂಟ್ ಹೋದ್ರೆ ತಣ್ಣಗಾಗುತ್ತೆ, ಸಾರ್. ಹಿಮ ಬಿದ್ದ ದಿನವೇ ಕರೆಂಟ್ ಹೋಗೋದು. ಕೆನೂವೆ ಕಂಡುಹಿಡಿದ ಮೇಣ ಒಂದ್ಸಲ ಕುದಿಯೋ ನೀರಲ್ಲಿಟ್ರೆ ರಾತ್ರಿಯೆಲ್ಲ ಮೈಬಿಸಿ ಕೊಡುತ್ತೆ. ಅದನ್ನೇ ಹೇಳ್ತೀವಿ."

"ಹೇಳಿ. ಆಮೇಲೆ ನಲೆಲಿ ವಿಷಯಾನೂ ಎರಡು ಮಾತು ಹೇಳಿ. ಮಂತ್ರಿಗಳು ಮೇಣ ನೋಡಲ್ಲ, ತಾಯೀನ ನೋಡ್ತಾರೆ."

"ಸಾರ್, ನಲೆಲಿ..." ಎಂದು ಶುರುಮಾಡಿದಳು ಮಾ-ನಲೆಲಿ. ಮುಂದುವರಿಸದೆ ಹೊರಗೆ ನಡೆದಳು.

ಮರುದಿನ ಊಟದ ಹೊತ್ತಿನಲ್ಲಿ ಗ್ರಂಥಾಲಯದ ಹೆಂಗಸು ಬಂದು ಮಾ-ನಲೆಲಿಯ ಪಕ್ಕದಲ್ಲಿ ಕುಳಿತಳು. ತಾನು ಕಳೆದುಕೊಂಡ ಗಂಡುಮಗುವಿನ ಕಥೆ ಹೇಳಿ ಅತ್ತಳು. ಇನ್ನಿಬ್ಬರು ಬಂದು ಭುಜ ಹಿಡಿದರು. ನಲೆಲಿಯ ಹೆಸರಿನಲ್ಲಿ ಯಾರೂ ಅವಳನ್ನು ಹೀಗೆ ಅಪ್ಪಿಕೊಂಡಿರಲಿಲ್ಲ. ಅವಳು ಬಿಡಿಸಿಕೊಳ್ಳಲಿಲ್ಲ. ತಾಯಂದಿರ ನಡುವೆ ಕುಳಿತು ಮೆಕ್ಕೆಜೋಳದ ಮುದ್ದೆ ಮುರಿದಳು. ಅಂದು ಅದು ರುಚಿಯಾಗಿತ್ತು. ಹಾಗೆ ರುಚಿಯಾದದ್ದಕ್ಕೆ ಅವಳಿಗೆ ಹೆದರಿಕೆಯಾಯಿತು.

ಮನೆಯಲ್ಲಿ ಅತ್ತೆಗೆ ಏನೂ ಹೇಳಲಿಲ್ಲ. ಮದುವೆಯ ಬೆಳಿಗ್ಗೆ ಹೊಸ ಕಂಬಳಿ ಹೊದಿಸಿ, ಊರಿನ ರೂಢಿಯಂತೆ ಮಾ-ನಲೆಲಿ ಎಂದು ಹೊಸ ಹೆಸರಿಟ್ಟು, ಒಳಗೆ ಕರೆದುಕೊಂಡವಳು ಅತ್ತೆ. ಗಣಿಗೆ ಹೋದ ಮಗ ಶವವಾಗಿ ಬಂದ ಮೇಲೂ ಸೊಸೆಯ ಜೊತೆಗೇ ಉಳಿದವಳು. ಮಾ-ನಲೆಲಿ ಎಂದು ಅವಳು ಕರೆಯುವಾಗ ಕೊನೆಯ ಅಕ್ಷರಗಳು ಮೆತ್ತಗಾಗುತ್ತಿದ್ದವು, ಒಳಕೋಣೆಯಲ್ಲಿ ಯಾರೋ ನಿದ್ದೆ ಮಾಡುತ್ತಿರುವ ಹಾಗೆ. ಆ ಕೋಣೆಯಲ್ಲಿ ಇಬ್ಬರೂ ಮಲಗುತ್ತಿರಲಿಲ್ಲ.

ಶುಕ್ರವಾರ ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಕಂಬಳಿ ಹೊದ್ದ ಅತ್ತೆಯನ್ನು ಕಂಡು ಮಾ-ನಲೆಲಿಯ ಕಾಲು ನಿಂತುಹೋಯಿತು. ಮುದುಕಿಯನ್ನು ಕರೆಸಿ ಕೂರಿಸಿದವರು ಲೆಬೆನ್ಯಾ.

ಕೆನೂವೆ ತಡವರಿಸದೆ ಮೇಣದ ಬಗ್ಗೆ ವಿವರಿಸಿದಳು. ಮಂತ್ರಿ ತೊಟ್ಟಿಲೊಳಗೆ ಕೈಯಿಟ್ಟು ತಲೆಯಾಡಿಸಿದರು. ಆಮೇಲೆ ಪಕ್ಕದವನ ಕಡೆ ವಾಲಿದರು. "ಚೆನ್ನಾಗಿದೆ. ಆದ್ರೆ ಆ ಇನ್ನೊಂದು ಯಂತ್ರಕ್ಕೆ ಹೆಚ್ಚುಕಮ್ಮಿ ಹೂಂ ಅಂದಾಗಿದೆಯಲ್ಲ." ವೇದಿಕೆಯ ಮೇಲಿದ್ದವರಿಗೆಲ್ಲ ಅದು ಕೇಳಿಸಿತು. ಕೆನೂವೆಯ ಮುಖದ ಬಣ್ಣ ಇಳಿಯಿತು.

ಲೆಬೆನ್ಯಾ ಎದ್ದರು. "ಈ ತೊಟ್ಟಿಲಿನ ಹಿಂದೆ ಒಂದು ಮಗು ಇದೆ."

ಮಂತ್ರಿ ನೆಟ್ಟಗೆ ಕುಳಿತರು. "ಯಾರ ಮಗು?"

"ನಂದು," ಎಂದಳು ಮಾ-ನಲೆಲಿ.

"ಹೇಗೆ ಹೋಯ್ತಮ್ಮಾ?"

ಮೇಲಿನ ಊರುಗಳಲ್ಲಿ ಆ ವಾರವೂ ಕರೆಂಟ್ ಇರಲಿಲ್ಲ. ಕೆನೂವೆ ಅವಳನ್ನೇ ನೋಡುತ್ತಿದ್ದಳು. ಮೊದಲ ಸಾಲಿನ ಕಡೆಗೆ ಮಾ-ನಲೆಲಿ ಕಣ್ಣು ಹಾಯಿಸಲಿಲ್ಲ.

"ಚಳಿಗೆ."

ಮಂತ್ರಿ ಕನ್ನಡಕ ತೆಗೆದರು. "ಬೆಟ್ಟದ ಪ್ರತಿಯೊಂದು ಆಸ್ಪತ್ರೆಗೂ ಇದೇ ಹೋಗ್ಲಿ," ಎಂದರು. "ಆ ಮಗುವಿನ ಹೆಸರಲ್ಲೇ ಹೋಗ್ಲಿ."

ಹೆಂಗಸರು ನಾಲಿಗೆ ಆಡಿಸಿ ಸಂಭ್ರಮದ ಕೇಕೆ ಹಾಕಿದರು. ಕೆನೂವೆ ಬಂದು ತಬ್ಬಿಕೊಂಡು, "ಗೆದ್ವಿ ಅಮ್ಮಾ, ನಲೆಲಿ ಗೆಲ್ಲಿಸಿದ್ಲು," ಎಂದು ಬಿಕ್ಕಿದಳು. ಸಭೆಯೆಲ್ಲ ಎದ್ದು ನಿಂತಿತ್ತು.

ಒಬ್ಬಳು ಮಾತ್ರ ಎದ್ದಿರಲಿಲ್ಲ. ಸೊಸೆ ಇಳಿದು ಬಂದು ಅವಳ ಮುಂದೆ ಮಂಡಿಯೂರಿದಳು. ಮುದುಕಿ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಲಿಂಫೊ," ಎಂದಳು. ಅದು ಸೊಸೆಯ ತವರಿನ ಹೆಸರು. ಅತ್ತೆಯ ಬಾಯಲ್ಲಿ ಅದು ಈವರೆಗೆ ಬಂದಿರಲಿಲ್ಲ.

"ಹುಟ್ಟೇ ಇಲ್ದಿರೋ ಕೂಸನ್ನ ಯಾಕೆ ಸಾಯಿಸಿದೆ, ಮಗಳೇ?"